ಹಂಚಿಕೆಯ ಕಚೇರಿ: ಖರ್ಚು ಕಡಿಮೆ, ನಂಟು ಹೆಚ್ಚು

2005ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಡ್ ನ್ಯೂಬರ್ಗ್ ಎಂಬ ತಂತ್ರಾಂಶ ತಜ್ಞ ಆರಂಭಿಸಿದ ಕೋವರ್ಕಿಂಗ್ ಪದ್ಧತಿ ಇಂದು ಬೆಂಗಳೂರಿನ ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆಗಳಲ್ಲಿ ಬೇರೂರಿದೆ.

ಸ್ವಂತ ಕಚೇರಿ ತೆರೆಯುವವರು ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಪೀಠೋಪಕರಣ, ಅಂತರ್ಜಾಲ, ಜನರೇಟರ್‌ಗಳ ಖರ್ಚು ಬೇರೆ. ಇಲ್ಲಿ ಆಸನದ ಲೆಕ್ಕದಲ್ಲಿ ತಿಂಗಳ ಶುಲ್ಕ ತೆತ್ತರೆ ಇವೆಲ್ಲ ಸಿದ್ಧ. ಸಿಬ್ಬಂದಿ ಹೆಚ್ಚಿದರೆ ಆಸನ ಹೆಚ್ಚಿಸಬಹುದು, ಉದ್ಯಮ ಸೊರಗಿದರೆ ತಗ್ಗಿಸಬಹುದು. ಪಕ್ಕದ ಮೇಜಿನಲ್ಲೇ ಗ್ರಾಹಕನೋ ಪಾಲುದಾರನೋ ದೊರೆಯುವುದೂ ಉಂಟು.

ಆದರೆ ಎಚ್ಚರ ಅಗತ್ಯ. ಕಟ್ಟಡವನ್ನು ದೀರ್ಘಾವಧಿಗೆ ಪಡೆದು ಅಲ್ಪಾವಧಿಗೆ ಹಂಚುವ ಈ ವ್ಯವಹಾರ ಅಪಾಯಮುಕ್ತವಲ್ಲ. ಕ್ಷೇತ್ರದ ದೈತ್ಯ ವೀವರ್ಕ್ 2023ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೋರಿತ್ತು. ಆದ್ದರಿಂದ ಠೇವಣಿ ವಾಪಸಾತಿ, ಜಿಎಸ್‌ಟಿ ನೋಂದಣಿಗೆ ವಿಳಾಸದ ಬಳಕೆ ಕುರಿತ ಷರತ್ತುಗಳನ್ನು ಓದಿಯೇ ಕರಾರಿಗೆ ಸಹಿ ಹಾಕುವುದು ಲೇಸು.