ಹಾಡಿದವನು ದಾಸ, ಹೆಸರು ಮಾತ್ರ ದೇವರದ್ದು!

ತೆರೆಯ ಮೇಲೆ ಕನಕ ಉಡುಪಿಯ ಕೃಷ್ಣನ ಬಾಗಿಲ ಮುಂದೆ ನಿಂತು ಹಾಡುತ್ತಿದ್ದಾನೆ. ತುಟಿ ಆಡಿಸುತ್ತಿರುವವರು ರಾಜ್‌ಕುಮಾರ್. ಕಂಠ ಪಿ.ಬಿ. ಶ್ರೀನಿವಾಸ್ ಅವರದ್ದು. ಸಂಗೀತ ಎಂ. ವೆಂಕಟರಾಜು ಅವರದ್ದು. ಹಾಡು 16ನೇ ಶತಮಾನದ ಕನಕದಾಸರದ್ದು. ಇಷ್ಟು ಜನ ಸೇರಿ ಒಂದು ಹಾಡು ಕಟ್ಟಿದ ಮೇಲೆ, ದಾಸರ ಪದದ ಕೊನೆಯ ಚರಣದಲ್ಲಿ ಬರೋ ಹೆಸರು ಯಾರದ್ದು? ಇವರಲ್ಲಿ ಒಬ್ಬರದ್ದೂ ಅಲ್ಲ. ಕಾಗಿನೆಲೆಯ ಆದಿಕೇಶವನದ್ದು!

ಇದಕ್ಕೆ ಅಂಕಿತ ಅಂತಾರೆ. ಬರೆದವನು ತನ್ನ ಹೆಸರು ಹಾಕಿಕೊಳ್ಳಬೇಕಾದ ಜಾಗದಲ್ಲಿ ದೇವರ ಹೆಸರು ಹಾಕಿ ಕೈಮುಗಿದು ಪಕ್ಕಕ್ಕೆ ಸರಿದುಬಿಡ್ತಾನೆ. ದಾಸರಲ್ಲಿ ಈ ಅಂಕಿತವನ್ನ ಕೊಡೋದು ಗುರು. ಒಡವೆ ವ್ಯಾಪಾರದ ಶ್ರೀನಿವಾಸ ನಾಯಕ ಮೂಗುತಿ ಪ್ರಸಂಗದ ನಂತರ ಎಲ್ಲವನ್ನೂ ಬಿಟ್ಟು ಹೊರಟ. ವ್ಯಾಸರಾಯರಿಂದ ಅಂಕಿತ ಪಡೆದು ಪುರಂದರ ವಿಠಲನ ದಾಸನಾದ. ನವಕೋಟಿ ನಾರಾಯಣ ಅಂತ ಕರೆಸಿಕೊಂಡಿದ್ದ ಮನುಷ್ಯನಿಗೆ ಕೋಟಿ ಬಿಡೋದು ಕಷ್ಟವಾಯಿತೋ, ಹೆಸರು ಬಿಡೋದು ಕಷ್ಟವಾಯಿತೋ? ನನ್ನ ಕೇಳಿದರೆ ಎರಡನೆಯದೇ ಕಷ್ಟ ಅಂತೀನಿ. ಗಾಂಧಿನಗರದಲ್ಲಿ ನಾಲ್ಕು ದಿನ ಓಡಾಡಿದ ಯಾರನ್ನಾದರೂ ಕೇಳಿ ನೋಡಿ ಸ್ವಾಮಿ. ಸಂಭಾವನೆ ಕಮ್ಮಿಯಾದರೂ ಸುಮ್ಮನಿರೋ ಜನ, ಟೈಟಲ್ ಕಾರ್ಡಿನಲ್ಲಿ ಹೆಸರು ಒಂದು ಸಾಲು ಕೆಳಗೆ ಬಂದರೆ ಸಿಡಿಮಿಡಿ ಅಂತಾರೆ!

ಹೆಸರಿನ ಮೇಲೇ ನಡೆಯೋ ಈ ದಂಧೆಯೊಳಗೆ ಹೆಸರು ಅಳಿಸಿಕೊಂಡವರ ಹಾಡು ಬಂದು ಕೂತಿದೆ. ವಿಚಿತ್ರ ಅಲ್ವಾ? ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥೋರು ದಾಸ ಸಾಹಿತ್ಯವನ್ನ ಪುಸ್ತಕದಲ್ಲಿ ಓದಿದ್ದು ಕಮ್ಮಿ. ನಮಗೆ ಕನಕ ಅಂದರೆ ಅಣ್ಣಾವ್ರ ಮುಖ, ಪಿಬಿಎಸ್ ದನಿ. ನಮ್ಮ ಹಿಂದಿನವರಿಗೂ ಹಾಗೇ. ಟೆಂಟಿನಲ್ಲಿ ಘಂಟಸಾಲರ ವೆಂಕಟೇಶನ ಹಾಡು ಶುರುವಾದರೆ, ಸಿನಿಮಾ ಇನ್ನೇನು ಬಿಡ್ತಾರೆ ಅಂತ ಬೀಡಿ ಎಸೆದು ಓಡ್ತಿದ್ದ ಕಾಲ ಅದು.

ಕನಕನ ಬಗ್ಗೆ ಒಂದು ಕಥೆ ಎಲ್ಲರ ಬಾಯಲ್ಲೂ ಇದೆ. ವ್ಯಾಸರಾಯರ ಸಭೆ. ಸುತ್ತ ದೊಡ್ಡ ದೊಡ್ಡ ಪಂಡಿತರು. ಇವರಲ್ಲಿ ವೈಕುಂಠಕ್ಕೆ ಹೋಗೋರು ಯಾರು ಅಂತ ಪ್ರಶ್ನೆ ಬಂತು. ಒಬ್ಬೊಬ್ಬರ ಹೆಸರು ಹೇಳಿ ಕೇಳಿದರೂ ಕನಕ ಇಲ್ಲ, ಇಲ್ಲ ಅಂತ ತಲೆ ಆಡಿಸಿದ. ಕೊನೆಗೆ ನೀನು? ಅಂದಾಗ, ನಾನು ಹೋದರೆ ಹೋಗಬಹುದು ಅಂದನಂತೆ. ಸಭೆಗೆ ಉರಿದುಹೋಯಿತು. ಕುರುಬರವನಿಗೆ ಎಷ್ಟು ಸೊಕ್ಕು! ಆದರೆ ಗುರುವಿಗೆ ಅರ್ಥವಾಗಿತ್ತು. ‘ನಾನು’ ಅನ್ನೋದು ಹೋದರೆ ತಾನು ಹೋಗಬಹುದು ಅಂತ ಕನಕ ಹೇಳಿದ್ದು. ಒಂದೇ ಮಾತು. ಅದನ್ನ ಸೊಕ್ಕು ಅಂತ ಕೇಳಿಸಿಕೊಂಡವರ ಕಿವಿಯೊಳಗೇ ಸೊಕ್ಕು ಇತ್ತು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಅಹಂಕಾರ ಬಿಡು, ತಗ್ಗಿ ಬಗ್ಗಿ ನಡಿ ಅಂತ ನಮ್ಮಂಥ ಹುಡುಗರಿಗೆ ದಿನಾ ಹತ್ತು ಜನ ಬುದ್ಧಿ ಹೇಳ್ತಾರೆ. ಸಾಹುಕಾರ ಹೇಳ್ತಾನೆ, ಕೆಲಸ ಕೊಟ್ಟ ಧಣಿ ಹೇಳ್ತಾನೆ. ಮೇಲೆ ಕೂತವನು ಕೆಳಗೆ ನಿಂತವನಿಗೆ ಹೇಳೋ ಆ ಮಾತಿಗೂ ಭಕ್ತಿಗೂ ಸಂಬಂಧವೇ ಇಲ್ಲ. ಕನಕ ದೇವರ ಮುಂದೆ ಬಗ್ಗಿದ, ಕುಲದ ಹೆಸರಲ್ಲಿ ಮೆರೆಯೋರ ಮುಂದೆ ಬಗ್ಗಲಿಲ್ಲ. ಕುಲ ಕುಲ ಅಂತ ಬಡಿದಾಡೋರನ್ನ ನೆಟ್ಟಗೆ ನಿಂತು ಪ್ರಶ್ನೆ ಕೇಳಿದವನೂ ಅವನೇ. ಅವನ ‘ರಾಮಧಾನ್ಯ ಚರಿತೆ’ಯನ್ನೇ ತಗೊಳ್ಳಿ. ಭತ್ತಕ್ಕೂ ರಾಗಿಗೂ ಯಾರು ಹೆಚ್ಚು ಅಂತ ಜಗಳ. ಭತ್ತಕ್ಕೆ ತಾನು ದೊಡ್ಡವರ ಮನೆ ಧಾನ್ಯ ಅನ್ನೋ ಮದ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಭತ್ತ ಸೊರಗಿತು, ರಾಗಿ ಗಟ್ಟಿಯಾಗಿ ನಿಂತಿತು! ರಾಗಿಮುದ್ದೆ ತಿಂದು ಬೆಳೆದವರಿಗೆ ಇದಕ್ಕಿಂತ ಒಳ್ಳೆ ಕ್ಲೈಮ್ಯಾಕ್ಸ್ ಬೇಕಾ?

ಇನ್ನು ‘ಭಕ್ತ ಕುಂಬಾರ’. 1974. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಗೋರಾ ಕುಂಬಾರ ಮಹಾರಾಷ್ಟ್ರದ ತೇರ್ ಎಂಬ ಊರಿನವನು, ಪಂಢರಪುರದ ವಿಠಲನ ಭಕ್ತ. ವಿಠಲನ ನಾಮ ಹಾಡುತ್ತಾ ಮೈಮರೆತು ಮಣ್ಣು ತುಳಿಯುತ್ತಿದ್ದಾನೆ. ಅಂಬೆಗಾಲಿಕ್ಕುತ್ತಾ ಬಂದ ಮಗು ಅದೇ ಮಣ್ಣಿಗೆ ಸಿಕ್ಕಿಬಿಡುತ್ತೆ. ಆ ದೃಶ್ಯ ಬಂದಾಗ ಟಾಕೀಸಿನಲ್ಲಿ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು ಅಂತ ನಮ್ಮಮ್ಮ ಈಗಲೂ ಹೇಳ್ತಾಳೆ. ನನಗೆ ಈ ಕಥೆ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯೋದಿಲ್ಲ. ಹೆತ್ತ ಮಗುವಿನ ಅಳು ಕೇಳಿಸದಷ್ಟು ಮೈಮರೆಸೋ ಹಾಡು ಯಾವ ಸೀಮೆ ಹಾಡು? ಲೀಲಾವತಿಯವರು ಮಾಡಿದ ಆ ತಾಯಿಯ ಪಕ್ಷವೇ ನನ್ನದು. ಕೊನೆಗೆ ವಿಠಲ ಮಗುವನ್ನ ಬದುಕಿಸಿ ಕೊಡ್ತಾನೆ, ನಿಜ. ಆದರೆ ಕಥೆ ಆ ತಾಯಿಯ ಸಿಟ್ಟನ್ನ ಮುಚ್ಚಿಡೋದಿಲ್ಲ, ಅದು ದೊಡ್ಡದು.

ಗೋರನದ್ದೇ ಇನ್ನೊಂದು ಕಥೆ ಇದೆ, ನನಗೆ ಅದು ಹೆಚ್ಚು ಇಷ್ಟ. ಜ್ಞಾನದೇವ, ಮುಕ್ತಾಬಾಯಿ, ನಾಮದೇವ ಎಲ್ಲಾ ಗೋರನ ಮನೆಗೆ ಬಂದಿದ್ದಾರೆ. ಮಡಕೆ ತಟ್ಟೋ ಮರದ ಹಲಗೆ ಅಲ್ಲೇ ಬಿದ್ದಿದೆ. ಇದೇನಪ್ಪಾ ಅಂತ ಮುಕ್ತಾಬಾಯಿ ಕೇಳಿದಳು. ಮಡಕೆ ಬೆಂದಿದೆಯೋ ಹಸಿ ಇದೆಯೋ ನೋಡೋ ಹಲಗೆ ತಾಯೀ ಅಂದ ಗೋರ. ಹಂಗಾದ್ರೆ ಇಲ್ಲಿ ಕೂತ ಮಡಕೆಗಳನ್ನೂ ಒಂದು ಕೈ ನೋಡು ಅಂದಳು. ಗೋರ ಒಬ್ಬೊಬ್ಬರ ತಲೆ ಮೇಲೂ ಟಪ್, ಟಪ್ ಅಂತ ತಟ್ಟುತ್ತಾ ಬಂದ. ಸಂತರೆಲ್ಲ ಸುಮ್ಮನೆ ಕೂತಿದ್ದರು. ನಾಮದೇವನ ಸರದಿ ಬಂತು. ವಿಠಲನ ಜೊತೆ ಎದುರುಬದುರು ಮಾತಾಡೋ ಭಕ್ತ ಅಂತ ಊರೆಲ್ಲ ಹೆಸರು. ತಲೆಗೆ ಏಟು ಬಿದ್ದಿದ್ದೇ ತಡ ರೇಗಿಬಿಟ್ಟ. ಈ ಮಡಕೆ ಇನ್ನೂ ಹಸಿ ಅಂದ ಗೋರ! ನಾಮದೇವ ಓಡಿಹೋಗಿ ವಿಠಲನಿಗೆ ದೂರು ಕೊಟ್ಟರೆ, ವಿಠಲನೂ ಕುಂಬಾರನ ಪಾರ್ಟಿ. ಹೋಗಿ ಗುರು ಮಾಡಿಕೋ ಅಂತ ವಿಸೋಬಾ ಖೇಚರನ ಹತ್ತಿರ ಅಟ್ಟಿದ. ಹಾಡು ಚೆನ್ನಾಗಿ ಹಾಡೋದು ಬೇರೆ, ಬೇಯೋದು ಬೇರೆ. ಪಂಢರಪುರಕ್ಕೆ ನಡೆದು ಹೋಗೋ ವಾರಕರಿಗಳು ಚಿಕ್ಕವರು ದೊಡ್ಡವರು ಅನ್ನದೆ ಒಬ್ಬರ ಕಾಲು ಒಬ್ಬರು ಮುಟ್ಟಿ ನಮಸ್ಕರಿಸೋ ರೂಢಿ ಇವತ್ತಿಗೂ ಇದೆ.

ನಮ್ಮ ಭಜನೆಯ ಕ್ರಮದಲ್ಲೂ ಇದೇ ಗುಟ್ಟು. ಒಬ್ಬ ಒಂದು ಸಾಲು ಹೇಳ್ತಾನೆ, ಉಳಿದವರು ಅದನ್ನೇ ಹಿಡಿದು ತಿರುಗಿ ಹೇಳ್ತಾರೆ. ತಾಳ ಎಲ್ಲರ ಕೈಯಲ್ಲೂ. ಒಂದು ಹಂತ ದಾಟಿದ ಮೇಲೆ ನನ್ನ ದನಿ ಯಾವುದು, ಪಕ್ಕದವನದ್ದು ಯಾವುದು ಅಂತ ನಮಗೇ ತಿಳಿಯೋದಿಲ್ಲ. ಮೈಕ್ ಬಂತು ನೋಡಿ, ಕೆಟ್ಟಿತು. ಹೋದ ವರ್ಷ ಒಂದು ಊರಿನ ಭಜನೆಗೆ ಹೋಗಿದ್ದೆ. ಮೈಕ್ ಒಂದು, ಹಾಡೋರು ಎಂಟು ಜನ. ಶರಣಾಗತಿಯ ಹಾಡು ಹಾಡೋಕೆ ಮೈಕಿಗೆ ಕಿತ್ತಾಟ! ತಾಳ ಹಿಡಿದು ಕೂತಿದ್ದ ಮುದುಕಪ್ಪ ನನ್ನ ಕಡೆ ವಾಲಿ, “ಕರೆಂಟ್ ಹೋದ್ರೆ ಭಜನೆ ಚೆನ್ನಾಗಿ ಆಯ್ತದೆ ಕಣಪ್ಪ” ಅಂದ.

ಇನ್ನು ಪಿಬಿಎಸ್ ವಿಷಯಕ್ಕೆ ಬರೋಣ. ಅವರ ಪೂರ್ತಿ ಹೆಸರು ಗೊತ್ತಾ ಮಿತ್ರರೇ? ಪ್ರತಿವಾದಿ ಭಯಂಕರ ಶ್ರೀನಿವಾಸ್! ಎದುರು ವಾದ ಮಾಡೋರಿಗೆ ಭಯ ಹುಟ್ಟಿಸೋ ಮನೆತನದ ಹೆಸರು, ಬೆಣ್ಣೆಯಲ್ಲಿ ಅದ್ದಿ ತೆಗೆದ ದನಿ. ಪಿಬಿಎಸ್ ಅಂದರೆ ‘ಪ್ಲೇ ಬ್ಯಾಕ್ ಸಿಂಗರ್’ ಅಂತ ತಾವೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದ ತೆಲುಗರು ಕನ್ನಡದ ದಾಸನ, ಕುಂಬಾರನ ದನಿಯಾದರು. ತಾನು ಬರೀ ಶರೀರ, ಶಾರೀರ ಶ್ರೀನಿವಾಸರದ್ದು ಅಂತ ರಾಜ್ ಹೇಳುತ್ತಿದ್ದುದು ಲೋಕಕ್ಕೆಲ್ಲ ಗೊತ್ತು.

ಆಮೇಲೆ ಅದೇ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಎಮ್ಮೆ ಮೇಲೆ ಕೂತು ಅಣ್ಣಾವ್ರು ತಮ್ಮದೇ ಗಂಟಲಲ್ಲಿ ಹಾಡಿದರು. ಥಿಯೇಟರ್ ಹಾರಿಹೋಗೋ ಹಾಗೆ ಶಿಳ್ಳೆ! ನಿಧಾನಕ್ಕೆ ರಾಜ್ ಪಾತ್ರಗಳಿಗೆ ರಾಜ್ ದನಿಯೇ ಅಂತಾಗಿಹೋಯಿತು. ಹದಿನೈದು ವರ್ಷಕ್ಕೆ ಹತ್ತಿರ ಕೂತಿದ್ದ ಜಾಗದಿಂದ ಒಬ್ಬ ಗಾಯಕ ಎದ್ದುಹೋಗಬೇಕಾಯಿತು. ಅವರು ಅದಕ್ಕಾಗಿ ಕೂಗಾಡಿದ್ದನ್ನ, ಕೆಸರು ಎರಚಿದ್ದನ್ನ ನಾನಂತೂ ಎಲ್ಲೂ ಓದಿಲ್ಲ. 1977ರ ‘ಬಭ್ರುವಾಹನ’ದಲ್ಲಿ ಅಪ್ಪ ಮಗ ಎರಡೂ ಪಾತ್ರ ರಾಜ್ ಅವರದ್ದೇ. ಇಬ್ಬರೂ ರಣರಂಗದಲ್ಲಿ ಮೀಸೆ ತಿರುವಿ ಜರೆದಾಡೋ ಆ ಹಾಡಿಗೆ ದನಿ ಕೊಟ್ಟವರು ರಾಜ್ ಮತ್ತು ಪಿಬಿಎಸ್! ಅಹಂಕಾರವೇ ಎದುರುಬದುರು ನಿಂತ ಹಾಡನ್ನ ಈ ಇಬ್ಬರು ಅಣ್ಣತಮ್ಮಂದಿರ ಥರ ಹಂಚಿಕೊಂಡು ಹಾಡಿದರು. ಮುಂದೆ ಪಿಬಿಎಸ್ ಮದ್ರಾಸಿನ ಡ್ರೈವ್ ಇನ್ ವುಡ್‌ಲ್ಯಾಂಡ್ಸ್ ಹೋಟೆಲಿನಲ್ಲಿ ಕೂತು, ಜೇಬು ತುಂಬ ಪೆನ್ನು ಇಟ್ಟುಕೊಂಡು, ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತಿದ್ದರು. 2013ರ ಏಪ್ರಿಲ್ 14ರಂದು ಕಣ್ಮುಚ್ಚಿದರು.

ಈಗ ನಮ್ಮ ಸರದಿ. ನಾವು ಯಾರು? ಅಭಿಮಾನಿಗಳು. ಈ ಪದ ನೋಡಿ ಹೇಗಿದೆ! ವೇದಾಂತದವರ ಬಾಯಲ್ಲಿ ಅಭಿಮಾನ ಅಂದರೆ ನಾನು, ನನ್ನದು ಅನ್ನೋ ಅಂಟು. ದೇಹಾಭಿಮಾನ ಬಿಡು ಅನ್ನೋದು ಅವರ ಮೊದಲ ಪಾಠ. ನಮ್ಮ ಬಾಯಲ್ಲಿ ಅಭಿಮಾನ ಅಂದರೆ ಪ್ರೀತಿ. ಎರಡರ ನಡುವೆ ಒಂದು ಕೂದಲೆಳೆ ಅಂತರ. ನಮ್ಮ ಹೀರೋ ಅನ್ನೋದರಲ್ಲಿ ‘ಹೀರೋ’ ಇದ್ದಷ್ಟು ಹೊತ್ತು ಪ್ರೀತಿ. ‘ನಮ್ಮ’ ಅನ್ನೋದು ಮೇಲೆ ಬಂತೋ, ಕಲ್ಲು ಕೈಗೆ ಬರುತ್ತೆ.

ಅಣ್ಣಾವ್ರು ನಮ್ಮನ್ನ ಅಭಿಮಾನಿ ದೇವರುಗಳು ಅಂತ ಕರೆದರು. ಕಟೌಟಿಗೆ ಹಾಲು ಸುರಿದು ಅವರನ್ನ ದೇವರು ಮಾಡೋಕೆ ನಾವು ಹೋದರೆ, ಅವರು ಆ ಪಟ್ಟವನ್ನ ತಿರುಗಿಸಿ ನಮ್ಮ ತಲೆ ಮೇಲೇ ಇಟ್ಟುಬಿಟ್ಟರು. ಗಾಜನೂರಿನ ಮುತ್ತುರಾಜ ನಾಟಕದ ಕಂಪನಿಯಲ್ಲಿ ಕಲಿತ ಪಾಠವೋ, ದಾಸರ ಪದ ಹಾಡಿ ಹಾಡಿ ಅಂಟಿದ ಗುಣವೋ.

2006ರ ಏಪ್ರಿಲ್ 12ರಂದು ಅವರು ಹೋದರು. ಮಾರನೇ ದಿನ ಅಂತಿಮಯಾತ್ರೆಯ ಹೊತ್ತಿಗೆ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು, ಕಲ್ಲು ತೂರಾಟ, ಗೋಲಿಬಾರ್. ಜನ ಪ್ರಾಣ ಕಳಕೊಂಡರು. ಗುಂಪಿನ ಕೈಗೆ ಸಿಕ್ಕ ಒಬ್ಬ ಪೊಲೀಸ್ ಪೇದೆಯೂ ಸತ್ತ. ಅವನ ಮನೆಯಲ್ಲೂ ಅಣ್ಣಾವ್ರ ಹಾಡು ಕೇಳಿರಲೇಬೇಕು.

ಆ ಗದ್ದಲಕ್ಕೂ ಮೊದಲೇ ಇನ್ನೊಂದು ಕೆಲಸ ಮುಗಿದಿತ್ತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ, ನಾಯಕನಾಗಿ ತಮ್ಮ ಮೊದಲ ಪಾತ್ರದಲ್ಲೇ, ರಾಜ್ ಶಿವನಿಗೆ ಎರಡೂ ಕಣ್ಣು ಕೊಡೋ ಬೇಡನಾಗಿದ್ದರು. ಮಂತ್ರ ಬರದ, ಮಡಿ ಗೊತ್ತಿಲ್ಲದ ಬೇಡ. ಒಂದು ಕಣ್ಣು ಕಿತ್ತು ಕೊಟ್ಟ ಮೇಲೆ, ಎರಡನೆಯದನ್ನ ಎಲ್ಲಿ ಇಡಬೇಕು ಅಂತ ಕಾಣೋದಿಲ್ಲವಲ್ಲ ಅಂತ ಕಾಲಿಂದ ಗುರುತು ಹಿಡಿಯೋ ಮುಗ್ಧ. ಅದಾಗಿ 52 ವರ್ಷಕ್ಕೆ, ಪ್ರಾಣ ಹೋದ ದಿನವೇ, ಮೊದಲೇ ಮಾತು ಕೊಟ್ಟಿದ್ದ ಹಾಗೆ ಅಣ್ಣಾವ್ರ ಕಣ್ಣುಗಳನ್ನ ದಾನವಾಗಿ ತೆಗೆದುಕೊಂಡರು.