ವೆಬ್ ವಿಳಾಸದಲ್ಲಿ ಕೊಳ್ಳೇಗಾಲ

ಕನ್ನಡ ವಿಕಿಪೀಡಿಯದ ‘ಕೊಳ್ಳೇಗಾಲ’ ಪುಟದ ವಿಳಾಸ ಬ್ರೌಸರ್‌ನಲ್ಲಿ ಕನ್ನಡದಲ್ಲೇ ಕಾಣುತ್ತದೆ. ಅದನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಹೆಸರಿನ ಜಾಗದಲ್ಲಿ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಬರುವುದುಂಟು. ಓದುವವರಿಗೆ ಕೊಳ್ಳೇಗಾಲ ನಾಲ್ಕೇ ಅಕ್ಷರ. ಯೂನಿಕೋಡ್‌ನಲ್ಲಿ ಅದು 9 ಸಂಕೇತ, ಯುಟಿಎಫ್-8ರಲ್ಲಿ 27 ಬೈಟ್. ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರ ಸೇರಿ ಒಟ್ಟು 81 ಚಿಹ್ನೆಗಳಾಗುತ್ತವೆ.

ಜಾವಾಸ್ಕ್ರಿಪ್ಟ್‌ನಲ್ಲಿ ಈ ಪರಿವರ್ತನೆಯನ್ನು ಯುಆರ್‌ಎಲ್ ಎಂಬ ಸಿದ್ಧ ವಸ್ತುವೇ ಮಾಡುತ್ತದೆ. ಅದು ವಿಳಾಸವನ್ನು ಪ್ರೋಟೊಕಾಲ್, ಡೊಮೇನ್, ಹಾದಿ, ಪ್ರಶ್ನೆಭಾಗ, ಹ್ಯಾಶ್ ಎಂದು ಬಿಡಿಸಿ ಕೊಡುತ್ತದೆ. ಹಾದಿ ಶೇಕಡಾ ರೂಪ ತಾಳಿದರೆ, ‘.ಭಾರತ’ದಂಥ ಕನ್ನಡ ಡೊಮೇನ್ ಪ್ಯುನಿಕೋಡ್ ಎಂಬ ಇಂಗ್ಲಿಷ್ ಅಕ್ಷರ-ಅಂಕಿಗಳ ರೂಪಕ್ಕೆ ತಿರುಗುತ್ತದೆ.

ಈ ವಸ್ತುವಿಗೆ ಪೂರ್ಣ ವಿಳಾಸ ಕೊಟ್ಟರೆ ಅದೊಂದೇ ಸಾಕು. ಅಪೂರ್ಣ ವಿಳಾಸಕ್ಕೆ ಆಧಾರ ವಿಳಾಸವೂ ಬೇಕು. ಕೊಳ್ಳೇಗಾಲದ ಪುಟವನ್ನು ಆಧಾರವಾಗಿಟ್ಟು ‘ಹನೂರು’ ಎಂದು ಕೊಟ್ಟರೆ ಕೊನೆಯ ಹೆಸರು ಮಾತ್ರ ಬದಲಾಗುತ್ತದೆ. ಮುಂದೆ ಓರೆಗೆರೆ ಇಟ್ಟರೆ ಹಾದಿ ತಾಣದ ಬುಡದಿಂದಲೇ ಶುರುವಾಗುತ್ತದೆ. ‘ಯಳಂದೂರು’ ಎಂಬ ಹುಡುಕುಪದವನ್ನು ಅದೇ ವಸ್ತುವಿನ ಸರ್ಚ್‌ಪ್ಯಾರಮ್ಸ್ ಮೂಲಕ ಪ್ರಶ್ನೆಭಾಗಕ್ಕೆ ಸೇರಿಸುವುದು ಲೇಸು; ಕೈಯಾರೆ ಜೋಡಿಸಿದರೆ ಪದದೊಳಗಿನ ‘&’ ಚಿಹ್ನೆ ಅರ್ಥ ಕೆಡಿಸಬಹುದು.

ಇಮೇಲಿನ ಮೇಲ್‌ಟು, ಫೋನಿನ ಟೆಲ್ ಕೂಡ ವಿಳಾಸಗಳೇ. ಅವುಗಳಿಗೆ ಡೊಮೇನ್ ಭಾಗವಿರದು. ‘ಜಾವಾಸ್ಕ್ರಿಪ್ಟ್:’ ಎಂದು ಆರಂಭವಾಗುವ ಕೊಂಡಿ ಕೋಡನ್ನೇ ಓಡಿಸಬಲ್ಲದು. ಆದ್ದರಿಂದ ಬಳಕೆದಾರರು ಕೊಟ್ಟ ವಿಳಾಸದ ಪ್ರೋಟೊಕಾಲ್ ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಹೌದೇ ಎಂದು ಪರೀಕ್ಷಿಸಿದ ಮೇಲೆಯೇ ಅದನ್ನು ಕೊಂಡಿಯಾಗಿಸಬೇಕು.