ಕಾಗದ ಹಸಿರು, ಟೈರ್ ಬೋಳು

ಪುಣೆಯಲ್ಲಿರುವ ನಮ್ಮಂಥ ಧಾರವಾಡದವರಿಗೆ ಊರು ದೂರವೂ ಅಲ್ಲ, ಹತ್ತಿರವೂ ಅಲ್ಲ. ನಾಲ್ಕು ನೂರು ಕಿಲೋಮೀಟರ್ ಚಿಲ್ಲರೆ. ಹಬ್ಬದ ಹೊತ್ತಿಗೆ ರೈಲಿನ ಟಿಕೆಟ್ ಸಿಗುವುದಿಲ್ಲ, ಬಸ್ಸಿನ ದರ ಕೇಳುವಂತಿಲ್ಲ. ಹೀಗಾಗಿ ಹೆಂಡತಿ, ಮಗಳು, ಅವ್ವನನ್ನು ಕೂರಿಸಿಕೊಂಡು ಕಾರಿನಲ್ಲೇ ಹೊರಡುವುದು ರೂಢಿ. ಖಂಬಾಟಕಿ ಘಾಟ್ ಹತ್ತಿ, ಸಾತಾರಾ, ಕರಾಡ, ಕೊಲ್ಹಾಪುರ ದಾಟಿ, ನಿಪ್ಪಾಣಿಯಲ್ಲಿ ಕನ್ನಡ ಬೋರ್ಡು ಕಂಡಾಗ ಒಂದು ಚಹಾ.

ಕಳೆದ ದೀಪಾವಳಿಗೆ ಹತ್ತು ದಿನ ಮೊದಲು ಹೆಂಡತಿ ಹೇಳಿದಳು: ‘ಸ್ಟೇರಿಂಗ್ ಸ್ವಲ್ಪ ಸೊಟ್ಟ ಹಿಡಿದರ ಗಾಡಿ ನೆಟ್ಟಗ ಹೋಗ್ತದ.’ ದಿನವೂ ವಾರ್ಜೆಯಿಂದ ಹಿಂಜವಡಿಗೆ ಅದೇ ಕಾರು ಓಡಿಸುವವಳು ಅವಳು. ಟೈರುಗಳು ಓಡಿದ್ದು 22,000 ಕಿಲೋಮೀಟರ್ ಮಾತ್ರ. ಇನ್ನೂ ಅಷ್ಟೇ ಬಾಳಬೇಕಾದವು. ಜೂನ್‌ನಲ್ಲಿ ಹಿಂದೆ ಮುಂದೆ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿದ ಕಾಗದವೂ ಡ್ಯಾಶ್‌ಬೋರ್ಡಿನಲ್ಲಿತ್ತು. ಅದರಲ್ಲಿನ ಅಂಕಿಗಳೆಲ್ಲ ಹಸಿರು.

ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಮುಂದೆ ಬಂದು ಬಗ್ಗಿ ನೋಡಿದೆ. ಮುಂದಿನ ಎಡಗಾಲಿಯ ಹೊರ ಅಂಚು ಚೆನ್ನಾಗಿತ್ತು, ನಡುವಿನ ತೋಡುಗಳಲ್ಲಿ ನಾಲ್ಕು ಮಿಲಿಮೀಟರ್ ಮೇಲೆಯೇ ಆಳವಿತ್ತು. ಒಳ ಅಂಚು ಮಾತ್ರ ಎರಡು ಬೆರಳಗಲ ಪೂರ್ತಿ ಬೋಳು, ಒಂದು ಕಡೆ ದಾರ ಇಣುಕುತ್ತಿತ್ತು. ನಿಂತು ನೋಡುವವರಿಗೆ ಇದು ಕಾಣುವುದೇ ಇಲ್ಲ. ತೋಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾರಿನ ಟೈರ್ ಬಳಸುವಂತಿಲ್ಲ ಎಂಬುದು ನಿಯಮ, ಅದನ್ನು ತೋರಿಸಲೆಂದೇ ತೋಡಿನೊಳಗೆ ಸಣ್ಣ ದಿಣ್ಣೆಗಳಿರುತ್ತವೆ. ಆದರೆ ಆ ದಿಣ್ಣೆ ನೋಡಿ ‘ಇನ್ನೂ ಇದೆ’ ಎಂದು ಸಮಾಧಾನಪಟ್ಟರೆ ಅಂಚಿನ ಕಥೆ ಗೊತ್ತಾಗುವುದಿಲ್ಲ.

ಜೂನ್‌ನಲ್ಲಿ ಕೆಲಸ ಮಾಡಿದ ಅಂಗಡಿಗೇ ಮೊದಲು ಹೋದೆ. ‘ಟೈರ್ ಮಾಲೇ ಸರಿ ಇಲ್ಲ, ನಾಲ್ಕೂ ಹಾಕಿಸಿ’ ಎಂದರು. 26,000 ರೂಪಾಯಿ. ಮಾಲು ಸರಿ ಇಲ್ಲದಿದ್ದರೆ ಹೊರ ಅಂಚು ಹೇಗೆ ಉಳಿಯಿತು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಕಾತ್ರಜ್ ಕಡೆಯ ಒಬ್ಬ ಹಳೇ ಮಿಸ್ತ್ರಿ ಯಂತ್ರದ ಹತ್ತಿರವೂ ಹೋಗಲಿಲ್ಲ. ಟೈರಿನ ಮೇಲೆ ಅಡ್ಡಕ್ಕೆ ಅಂಗೈ ಆಡಿಸಿದ. ಒಂದು ದಿಕ್ಕಿಗೆ ನುಣುಪು, ಮರಳಿ ಎಳೆದರೆ ಗರಗಸ. ‘ಆತೂನ್ ಖಾಲ್ಲಾಯ್’ ಎಂದ, ಒಳಗಿನಿಂದ ತಿಂದಿದೆ. ಮರಾಠಿಯಲ್ಲಿ ಸವೆತಕ್ಕೆ ‘ಝೀಜ’ ಎಂಬ ಸೌಮ್ಯ ಪದವಿದೆ, ಆದರೆ ಇಲ್ಲಿ ‘ತಿಂದಿದೆ’ ಎಂಬುದೇ ಸರಿ. ಕಾರು ಎತ್ತಿ, ಸಣ್ಣ ಹಾರೆಯಿಂದ ಎಡಗಡೆಯ ಲೋವರ್ ಆರ್ಮ್ ಮೀಟಿದ. ಅದು ಬೆರಳಗಲ ಅಲ್ಲಾಡಿತು. ಅದನ್ನು ಹಿಡಿದಿಡುವ ರಬ್ಬರ್ ಬುಷ್ ಸೀಳಿತ್ತು.

ಹಸಿರು ಕಾಗದದ ಗುಟ್ಟು ಇಲ್ಲಿದೆ. ಅಲೈನ್‌ಮೆಂಟ್ ಯಂತ್ರ ಗಾಲಿಯ ಕೋನ ಅಳೆಯುವುದು ಕಾರು ನಿಂತಾಗ. ಬುಷ್ ಹರಿದಿದ್ದರೂ ನಿಂತ ಕಾರಿನ ಗಾಲಿಯನ್ನು ನೆಟ್ಟಗೆ ಮಾಡಿ ಹಸಿರು ತರಬಹುದು. ಕಾರು ಓಡುವಾಗ, ಬ್ರೇಕ್ ಒತ್ತುವಾಗ ಆರ್ಮ್ ಸರಿಯುತ್ತದೆ, ಗಾಲಿ ಬೇರೆ ದಿಕ್ಕು ನೋಡುತ್ತದೆ. ಮೇಲಿನಿಂದ ನೋಡಿದಾಗ ಗಾಲಿಯ ಮೂತಿ ಒಳಗೋ ಹೊರಗೋ ತಿರುಗಿರುವುದಕ್ಕೆ ‘ಟೋ’ ಎನ್ನುತ್ತಾರೆ. ಅದು ಕಾಲು ಡಿಗ್ರಿ ತಪ್ಪಿದರೆ ಪ್ರತಿ ಕಿಲೋಮೀಟರಿಗೆ ಸುಮಾರು ನಾಲ್ಕೂವರೆ ಮೀಟರ್ ಟೈರನ್ನು ಅಡ್ಡಕ್ಕೆ ಉಜ್ಜಿದಂತೆ. ಧಾರವಾಡ ಮುಟ್ಟುವಷ್ಟರಲ್ಲಿ ಒಂದೂಮುಕ್ಕಾಲು ಕಿಲೋಮೀಟರ್! ಎರಡೂ ಮುಂಗಾಲಿಗಳು ಈ ತಪ್ಪನ್ನು ಸಮನಾಗಿ ಹಂಚಿಕೊಂಡು ಓಡುವುದರಿಂದ ಕಾರು ಯಾವ ಕಡೆಗೂ ಎಳೆಯುವುದಿಲ್ಲ. ‘ಗಾಡಿ ನೆಟ್ಟಗೆ ಹೋಗ್ತಿದೆ, ಅಲೈನ್‌ಮೆಂಟ್ ಸರಿ ಇದೆ’ ಎಂಬ ಮಾತಿಗೆ ಅರ್ಥವಿಲ್ಲದಿರುವುದು ಇದಕ್ಕೇ. ಸೊಟ್ಟಾದ ಸ್ಟೇರಿಂಗ್ ಒಂದೇ ಸುಳಿವು.

ಬುಷ್ ಯಾಕೆ ಹರಿಯಿತು ಎನ್ನುವುದಕ್ಕೆ ಪುಣೆಯ ಮಳೆಗಾಲ ಸಾಕು. ದೇಶದ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ 1966ರಿಂದ ಈ ಊರಿನಲ್ಲಿದೆ; ಚಾಕಣದಲ್ಲಿ ಕಾರೂ ತಯಾರಾಗುತ್ತದೆ, ಟೈರೂ ತಯಾರಾಗುತ್ತದೆ. ಗುಂಡಿ ಮಾತ್ರ ಎಲ್ಲ ಊರಿನಂತೆಯೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ್ದು. ನಮ್ಮ ಗಲ್ಲಿಯದು ಒಂದಡಿ ಅಗಲ, ಎತ್ತರ ಮಾತ್ರ ಪೂರ್ತಿ.

ಹೈವೇಯಲ್ಲಿ ಆರು ಪಥದ ಕಾಮಗಾರಿಯ ತಿರುವುಗಳು, ಹಿಂದಿನ ಸೀಟಿನಲ್ಲಿ ಅವ್ವ. ಮರಳುವಾಗ ಡಿಕ್ಕಿಯಲ್ಲಿ ಜೋಳ, ಅಕ್ಕಿ, ಶೇಂಗಾ ಚಟ್ನಿಪುಡಿಯ ಭಾರ. ಕೊನೆಗೆ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯತ್ತ ಆ ಇಳಿಜಾರು. ಅಲ್ಲಿ ಎಷ್ಟು ಅಪಘಾತಗಳಾಗಿವೆ ಎಂಬುದು ಪುಣೆಯವರಿಗೆಲ್ಲ ಗೊತ್ತು. ದಾರ ಕಂಡ ಟೈರ್ ಮೇಲೆ ಅಲ್ಲಿ ಬ್ರೇಕ್ ಒತ್ತುವುದನ್ನು ನೆನೆಸಿಕೊಂಡು ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎರಡೂ ಬದಿಯ ಆರ್ಮ್ ಬದಲಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿದ್ದಕ್ಕೆ ಸುಮಾರು 6,000 ರೂಪಾಯಿ ಆಯಿತು. ಟೈರ್ ಎರಡೇ ಕೊಂಡೆ. ಹೊಸವನ್ನು ಮುಂದೆ ಹಾಕುತ್ತಾನೆ ಅಂದುಕೊಂಡರೆ ಮಿಸ್ತ್ರಿ ಹಿಂದೆ ಹಾಕಿ, ಹಿಂದಿನ ಎರಡನ್ನು ಮುಂದಕ್ಕೆ ತಂದ. ಒದ್ದೆ ರಸ್ತೆಯಲ್ಲಿ ಮುಂಗಾಲಿ ಜಾರಿದರೆ ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು, ಹಿಂಗಾಲಿ ಜಾರಿದರೆ ಕಾರೇ ತಿರುಗಿಬಿಡುತ್ತದೆ. ಟೈರ್ ಕಂಪನಿಗಳು ಹೇಳುವುದೂ ಇದನ್ನೇ.

ಊರಿಗೆ ಹೊರಡುವ ಮುನ್ನ ನೀವೂ ಒಮ್ಮೆ ಬಗ್ಗಿ ನೋಡಿ. ಹಿಂದಿನ ಗಾಲಿಗಳ ಒಳ ಅಂಚಿಗೆ ಮೊಬೈಲ್ ಕ್ಯಾಮೆರಾ ತೂರಿಸಿದರಾಯಿತು. ಅಲೈನ್‌ಮೆಂಟ್ ಮಾಡಿಸುವಾಗ ‘ಮೊದಲು ಬುಷ್ ನೋಡಿ’ ಎಂದು ಹೇಳಿ, ಮೊದಲಿನ ಹಾಗೂ ನಂತರದ ಎರಡೂ ಅಂಕಿ ಕೇಳಿ ಪಡೆಯಿರಿ. ಗಾಳಿಯ ಒತ್ತಡದ ಚೀಟಿ ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿರುತ್ತದೆ. ಹಲವು ಕಾರುಗಳಲ್ಲಿ ಪೂರ್ತಿ ಭಾರಕ್ಕೆ ಬೇರೆ ಅಂಕಿ ಇರುತ್ತದೆ. ಚಟ್ನಿಪುಡಿ ತುಂಬಿಕೊಂಡ ಕಾರಿಗೆ ಆ ಎರಡನೇ ಅಂಕಿ.

ಆಮೇಲೆ 6,000 ಕಿಲೋಮೀಟರ್ ಓಡಿದೆ. ಮೊನ್ನೆ ಅಳೆದಾಗ ಮುಂದಿನ ಎಡಗಾಲಿಯ ಒಳ ಅಂಚು 4.6, ಹೊರ ಅಂಚು 4.7.